ಊರಿಗೆ ಹೋಗುವಾಗ ನಾಯಿ ಯಾರ ಪಾಲಿಗೆ?

ಮುಂಬಯಿ ಉಪನಗರಗಳ ಒನ್ ಬಿಎಚ್‌ಕೆ ಮನೆಗಳಲ್ಲೂ ಈಗ ಪಗ್, ಶಿಟ್ಜು, ಪೊಮೆರೇನಿಯನ್ ಮರಿಗಳು ಓಡಾಡುತ್ತಿವೆ. ಮಕ್ಕಳ ಹಟಕ್ಕೆ ಹೆತ್ತವರು ಮಣಿಯುತ್ತಾರೆ. ಪುಟ್ಟ ನಾಯಿ, ಸಣ್ಣ ಜಾಗ ಸಾಕು ಎಂಬ ಧೈರ್ಯ ಬೇರೆ. ಆದರೆ ಈ ತಳಿಗಳು ಸಾಮಾನ್ಯವಾಗಿ 12ರಿಂದ 15 ವರ್ಷ ಬದುಕುತ್ತವೆ. ಹತ್ತನೇ ತರಗತಿಯ ಮಗನಿಗೆಂದು ತಂದ ಮರಿ, ಅವನು ಕೆಲಸಕ್ಕೆಂದು ಪರವೂರಿಗೆ ಹೋದ ಮೇಲೆ ತಾಯಿಯ ಪಾಲಿಗೆ ಉಳಿಯುತ್ತದೆ.

ಪಗ್ ನಮ್ಮಲ್ಲಿ ಮನೆಮಾತಾದದ್ದು 2003ರ ಮೊಬೈಲ್ ಕಂಪೆನಿಯೊಂದರ ಜಾಹೀರಾತಿನಿಂದ. ಚಪ್ಪಟೆ ಮೂಗಿನ ಆ ಪ್ರಾಣಿ ಸೆಕೆಯಲ್ಲಿ ಉಸಿರಿಗೆ ಪರದಾಡುವುದನ್ನು ಜಾಹೀರಾತು ತೋರಿಸಲಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರ ನಿಯಮ ಹೇಳುತ್ತದೆ. ಕೊಳ್ಳುವವರು ವಯಸ್ಸು ವಿಚಾರಿಸದೆ, ಬಣ್ಣ ನೋಡಿ ಹಣ ಎಣಿಸುತ್ತಾರೆ.

ನಮ್ಮವರಿಗೆ ನಿಜವಾದ ಪರೀಕ್ಷೆ ಮೇ ತಿಂಗಳಲ್ಲಿ. ಮದುವೆ, ನೇಮ, ಬ್ರಹ್ಮಕಲಶ ಎಂದು ಮನೆಮಂದಿಯೆಲ್ಲ ಊರಿಗೆ ಹೊರಡುತ್ತಾರೆ. ರೈಲಿನ ಸ್ಲೀಪರ್ ಬೋಗಿಗೆ ನಾಯಿಯನ್ನು ಹತ್ತಿಸುವಂತಿಲ್ಲ. ಎ.ಸಿ. ಪ್ರಥಮ ದರ್ಜೆಯಲ್ಲಿ ಇಡೀ ಕೂಪೆ ಕಾದಿರಿಸಬೇಕು, ಇಲ್ಲವೇ ಅದನ್ನು ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಬಿಡಬೇಕು. ಸದಾ ಮಡಿಲಲ್ಲಿ ಬೆಳೆದ ಮೂರು ಕಿಲೋ ತೂಕದ ಜೀವ ಬೇಸಗೆಯಲ್ಲಿ ರಾತ್ರಿಯಿಡೀ ಒಂಟಿಯಾಗಿ ಆ ಪೆಟ್ಟಿಗೆಯಲ್ಲಿ! ಹಾಗೆಂದು ವಾಚ್‌ಮನ್‌ಗೆ ಒಪ್ಪಿಸಿ ಹೋಗುವುದೂ ಸರಿಯಲ್ಲ.

ಮರಿ ತರುವ ಮುನ್ನವೇ ಈ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗಬೇಕು. ನಮ್ಮ ಸಂಘಗಳ ಮಹಿಳಾ ಮತ್ತು ಯುವ ವಿಭಾಗಗಳೂ ನಾಯಿ ಸಾಕಿದ ಸದಸ್ಯರ ಪಟ್ಟಿಯೊಂದನ್ನು ಮಾಡಬಹುದು. ಏಪ್ರಿಲ್‌ನಲ್ಲಿ ಹೋಗುವವರ ನಾಯಿ ಮೇಯಲ್ಲಿ ಹೋಗುವವರ ಮನೆಯಲ್ಲಿರಲಿ.