ಸುಟ್ಟಗಾಯದ ಲೆಕ್ಕ: ಯಂತ್ರಕ್ಕೆಷ್ಟು, ಹೆಣ್ಣಿಗೆಷ್ಟು?

ಸುಟ್ಟಗಾಯದ ಆಳ ತಿಳಿಯುವುದು ಅನುಭವಿ ವೈದ್ಯರಿಗೂ ಸುಲಭವಲ್ಲ. ಗಾಯ ಮೂರು ವಾರದೊಳಗೆ ತಾನಾಗಿ ಮಾಯುವುದೇ, ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕೇ ಎಂಬುದನ್ನು ಬರಿಗಣ್ಣಿನಿಂದ ನೋಡಿ ಹೇಳಿದರೆ ನಾಲ್ಕರಲ್ಲಿ ಒಂದು ಸಲವಾದರೂ ತಪ್ಪುತ್ತದೆ. ಲೇಸರ್ ಡಾಪ್ಲರ್ ಎಂಬ ಯಂತ್ರ ಚರ್ಮದಡಿಯ ರಕ್ತದ ಹರಿವನ್ನು ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಹರಿವು ಚೆನ್ನಾಗಿದ್ದರೆ ಗಾಯ ಬೇಗ ಮಾಯುತ್ತದೆ. ತೀರ ಕಡಿಮೆಯಿದ್ದರೆ ಕಸಿ ಬೇಕಾಗುತ್ತದೆ. ಸುಟ್ಟ ಎರಡು ದಿನದ ನಂತರ, ಐದು ದಿನದೊಳಗೆ ಈ ಚಿತ್ರ ತೆಗೆಯಬೇಕು.

ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆ 2011ರಲ್ಲಿ ಇದರ ಖರ್ಚು-ಉಳಿತಾಯ ತೂಗಿ ನೋಡಿ, ಆಳದ ಬಗ್ಗೆ ಅನುಮಾನವಿರುವ ಗಾಯಗಳಿಗೆ ಇದನ್ನು ಬಳಸಬಹುದೆಂದಿತು. ಯಂತ್ರ ದುಬಾರಿಯಾದರೂ ಬೇಡದ ಶಸ್ತ್ರಚಿಕಿತ್ಸೆ ತಪ್ಪುತ್ತದೆ, ಆಸ್ಪತ್ರೆಯಲ್ಲಿ ಮಲಗುವ ದಿನಗಳು ಉಳಿಯುತ್ತವೆ ಎಂಬುದು ವಾದ.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದ ನನಗೆ ಈ ವಾದ ಒಪ್ಪಿಗೆಯೇ. ಆದರೆ ಈ ಲೆಕ್ಕ ಯಾವ ವಾರ್ಡಿನದು ಎಂದು ನಾವು ಕೇಳಬೇಕು. ಅರ್ಧ ಮೈ ಸುಟ್ಟು ಬಂದ ಹೆಣ್ಣಿಗೆ ಮೊದಲ ದಿನ ಬೇಕಾದದ್ದು ಬಣ್ಣದ ಚಿತ್ರವಲ್ಲ. ಡ್ರಿಪ್ ಬೇಕು, ನೋವಿಗೆ ಔಷಧಿ ಬೇಕು, ಸೋಂಕು ತಗಲದ ಹಾಸಿಗೆ ಬೇಕು, ಪಟ್ಟಿ ಬದಲಿಸಲು ದಾದಿಯರು ಬೇಕು. ಇವಿಲ್ಲದ ಆಸ್ಪತ್ರೆಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ತರುವುದು ಸೂರಿಲ್ಲದ ಮನೆಗೆ ಬೆಳ್ಳಿಯ ಬಾಗಿಲು ಇಟ್ಟಂತೆ.

ಹಾಗೆಂದು ಯಂತ್ರವೇ ಬೇಡವೆನ್ನಲಾರೆ. ಕೈ, ಕತ್ತು ಸುಟ್ಟು ಬದುಕುಳಿದವಳಿಗೆ ಕಸಿ ತಡವಾದರೆ ಚರ್ಮ ಬಿಗಿದು ಬೆರಳು ಮಡಚಿಕೊಳ್ಳುತ್ತವೆ. ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಕೈ ಹೋದರೆ ಆ ನಷ್ಟವನ್ನು ಯಾವ ಆಸ್ಪತ್ರೆಯ ಖಾತೆಯಲ್ಲಿ ಬರೆಯುತ್ತಾರೆ? ದುಡಿಮೆ ಕಳೆದುಕೊಂಡವಳು ಸುಟ್ಟವರ ಮನೆಗೇ ಮರಳಬೇಕಾಗುತ್ತದೆ. ಆದ್ದರಿಂದ ದೊಡ್ಡ ಸರ್ಕಾರಿ ಸುಟ್ಟಗಾಯ ಕೇಂದ್ರಗಳಲ್ಲಿ ಇಂಥ ಯಂತ್ರವಿರಲಿ, ಬಡವರಿಗೆ ಉಚಿತವಾಗಿರಲಿ. ಜಿಲ್ಲೆಗಳಲ್ಲಿ ಮೊದಲು ಹಾಸಿಗೆ, ಔಷಧಿ, ದಾದಿಯರಿರಲಿ.

ಗಾಯದ ಆಳವನ್ನು ಯಂತ್ರ ಹೇಳೀತು, ಬೆಂಕಿ ಹಚ್ಚಿದ ಕೈ ಯಾವುದೆಂದು ಹೇಳದು. ಗಂಡನ ಮನೆಯವರು ಪಕ್ಕದಲ್ಲೇ ನಿಂತಿದ್ದರೆ "ಸ್ಟೌ ಸಿಡಿಯಿತು" ಎಂದಲ್ಲದೆ ಅವಳು ಬೇರೇನು ಹೇಳಿಯಾಳು? ವರದಕ್ಷಿಣೆ ಸಾವಿಗೆ 1986ರಲ್ಲಿ ಬಂದ 304ಬಿ ಕಲಂ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ಅದಕ್ಕೆ ಬಲ ಬರುವುದು ಅವಳು ನಿರ್ಭಯವಾಗಿ ಕೊಟ್ಟ ಹೇಳಿಕೆಯಿಂದ.

ಸಂಘದ ಸೋದರಿಯರೇ, ನಿಮ್ಮ ಬೀದಿಯಲ್ಲಿ ಯಾರಾದರೂ ಸುಟ್ಟುಕೊಂಡರೆ ಬೆಂಕಿ ಆರಿಸಿ, ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಶಾಯಿ, ಪೇಸ್ಟ್ ಬಳಿಯಬೇಡಿ. ಇಬ್ಬರು ಅವಳ ಜೊತೆ ಆಸ್ಪತ್ರೆಗೆ ಹೋಗಿ, ಹೇಳಿಕೆ ಮುಗಿಯುವವರೆಗೆ ಅಲ್ಲೇ ಇರಿ. ಇದಕ್ಕೆ ಯಾವ ಯಂತ್ರವೂ ಬೇಡ.