ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ದಸರಾ ರಜೆ ಬಂತೆಂದರೆ ನಮ್ಮ ಮನೆಯ ಜಗಲಿಗೆ ಜೀವ ಬರುತ್ತದೆ. ಈ ಸಲ ಬೆಂಗಳೂರಿನಿಂದ ಬಂದ ಮೊಮ್ಮಕ್ಕಳ ಚೀಲದಲ್ಲಿ ಒಂದು ವಿಚಿತ್ರ ದಾಳವಿತ್ತು. ಪಗಡೆಯ ದಾಳದಂತೆ ಉದ್ದವಲ್ಲ, ಲೂಡೋ ದಾಳದಂತೆ ಆರು ಮುಖದ್ದೂ ಅಲ್ಲ. ಕನ್ನಡಕ ಹಾಕಿಕೊಂಡು ಎಣಿಸಿದೆ, 20 ಮುಖ!

"ಇದೇನೇ ಇದು, ನೆಲ್ಲಿಕಾಯಿ ಹಾಗಿದೆ?" ಎಂದೆ.

ಹತ್ತನೇ ತರಗತಿಯ ದೊಡ್ಡ ಮೊಮ್ಮಗಳು ನಕ್ಕಳು. "ಸಂಜೆ ಆಟಕ್ಕೆ ಬಾ ಅಜ್ಜಿ. ಕತೆ ಕಟ್ಟೋ ಆಟ. ನಿಂಗೆ ಖಂಡಿತ ಇಷ್ಟ ಆಗತ್ತೆ."

ನನ್ನ ವಾರಿಗೆಯವರಿಗೆ ಈ ಆಟ ಹೊಸದಿರಬಹುದು, ಸ್ವಲ್ಪ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಪಾತ್ರವಾಡುವ ಆಟ ಎನ್ನೋಣ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಈ ಬಗೆಯ ಆಟಗಳಿಗೆಲ್ಲ ಅದೇ ಹಿರಿಯಣ್ಣ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರಿಗೆಲ್ಲ ಒಂದೊಂದು ಪಾತ್ರ: ಒಬ್ಬ ಬಿಲ್ಲುಗಾರ, ಒಬ್ಬಳು ಮಾಂತ್ರಿಕಳು, ಇನ್ನೊಬ್ಬ ಕಳ್ಳ. 'ನಿಮ್ಮೆದುರು ಮುಚ್ಚಿದ ಬಾಗಿಲು. ಏನು ಮಾಡುತ್ತೀರಿ?' ಎಂದು ಕತೆ ನಡೆಸುವವರು ಕೇಳುತ್ತಾರೆ. 'ಒದೆಯುತ್ತೇನೆ' ಎಂದರೆ ದಾಳ ಉರುಳಬೇಕು. ದೊಡ್ಡ ಸಂಖ್ಯೆ ಬಿದ್ದರೆ ಬಾಗಿಲು ಮುರಿಯಿತು, ಸಣ್ಣದು ಬಿದ್ದರೆ ಕಾಲು ಉಳುಕಿತು!

ನನಗೆ ಕೂಡಲೇ ನೆನಪಾದದ್ದು ತಾಳಮದ್ದಳೆ. ಅಲ್ಲೂ ಹಾಗೆಯೇ ತಾನೆ? ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬರು ಕೃಷ್ಣ, ಇನ್ನೊಬ್ಬರು ಕೌರವ. ಮಾತು ಆಗಲೇ ಹುಟ್ಟಬೇಕು. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಅದೇ ಇದರ ರುಚಿ.

ಸಂಜೆ ಜಗಲಿಯಲ್ಲಿ ಐದು ಜನ ಕೂತೆವು. ದೊಡ್ಡ ಮೊಮ್ಮಗಳೇ ನಮ್ಮ ಭಾಗವತರು. ಅವಳ ತಮ್ಮ, ಪಕ್ಕದ ಮನೆಯ ಅಣ್ಣ-ತಂಗಿ, ಮತ್ತು ನಾನು ಪಾತ್ರಧಾರಿಗಳು. ನನಗೆ ಸಿಕ್ಕಿದ್ದು ನಾಟಿವೈದ್ಯೆಯ ಪಾತ್ರ. ಕತೆ ಶುರುವಾಗುತ್ತದೆಂದು ಕಾದರೆ ಹುಡುಗಿ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟಳು.

"ಕತೇಲಿ ಏನು ಬರಲೇಬಾರದೋ ಅದನ್ನ ಬರೀರಿ. ಹೆಸರು ಹಾಕ್ಬೇಡಿ."

ನಾನು ಏನೂ ಬರೆಯಲಿಲ್ಲ. ಅರವತ್ತೇಳು ವರ್ಷದವಳಿಗೆ ಎಂಥ ಭಯ? ಬಂದ ಚೀಟಿಗಳಲ್ಲಿ ಒಂದರಲ್ಲಿ 'ನಾಯಿ ಸಾಯಬಾರದು', ಇನ್ನೊಂದರಲ್ಲಿ 'ಜೇಡ' ಎಂದಿತ್ತು. "ಇವು ನಮ್ಮ ಗೆರೆಗಳು, ಕತೆ ಇವನ್ನ ದಾಟಲ್ಲ" ಎಂದಳು. ಆಮೇಲೆ ಹಳೆಯ ಮದುವೆ ಕಾಗದದ ಹಿಂಬದಿಯಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ದೊಡ್ಡ ಇಂಟು ಮಾರ್ಕ್ ಬರೆದು ನಡುವೆ ಇಟ್ಟಳು. "ಆಟದ ಮಧ್ಯೆ ಯಾರಿಗಾದ್ರೂ ಏನಾದ್ರೂ ಬೇಡ ಅನ್ಸಿದ್ರೆ ಈ ಕಾರ್ಡ್ ಮುಟ್ಟಿ. ಅದನ್ನ ಬಿಟ್ಟು ಮುಂದೆ ಹೋಗೋಣ. ಯಾಕೆ ಅಂತ ಯಾರೂ ಹೇಳ್ಬೇಕಾಗಿಲ್ಲ, ಯಾರೂ ಕೇಳೋ ಹಾಗೂ ಇಲ್ಲ."

ಇಷ್ಟಕ್ಕೆಲ್ಲ ಇಷ್ಟೊಂದು ಶಾಸ್ತ್ರವೇ ಎಂದು ಮನಸ್ಸಿನಲ್ಲೇ ನಕ್ಕೆ.

ಕತೆ ಚೆನ್ನಾಗಿ ಸಾಗಿತ್ತು. ಕಳೆದುಹೋದ ಗಂಟೆಯೊಂದನ್ನು ಹುಡುಕುತ್ತ ಕಾಡು ದಾಟಿ ಬಂದಿದ್ದೆವು. "ನಿಮ್ಮೆದುರು ಹೊಳೆ. ನೆರೆ ಬಂದಿದೆ. ದೋಣಿ ಹತ್ತಿದ್ದೀರಿ. ನೀರು ಒಳಗೆ ನುಗ್ತಾ ಇದೆ..." ಎನ್ನುತ್ತಿದ್ದಂತೆ, ಪಕ್ಕದ ಮನೆಯ ಪುಟ್ಟಿ ಮೆಲ್ಲಗೆ ಕೈ ಚಾಚಿ ಕಾರ್ಡ್ ಮುಟ್ಟಿದಳು. ಒಂಬತ್ತು ವರ್ಷದ ಮಗು.

ಬಾಯಿ ಸುಮ್ಮನಿರಬೇಕಲ್ಲ! "ಯಾಕೆ ಪುಟ್ಟಿ, ಹೆದರಿಕೆ ಆಯ್ತಾ? ಬರೀ ಕತೆ ಕಣೇ" ಎಂದುಬಿಟ್ಟೆ.

ಮಗು ತಲೆ ತಗ್ಗಿಸಿತು. ಕಿವಿ ಕೆಂಪಾಯಿತು. ನನ್ನ ಮೊಮ್ಮಗಳು ನನ್ನ ಕಡೆ ನೋಡಿ ಮೆಲುದನಿಯಲ್ಲಿ, "ಅಜ್ಜಿ, ಕೇಳೋ ಹಾಗಿಲ್ಲ" ಎಂದಳು. ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಮರುಕ್ಷಣವೇ, "ಹೊಳೇಲಿ ನೀರಿಲ್ಲ. ಬೇಸಿಗೆ. ಬರೀ ಬಂಡೆಗಳು. ಬಂಡೆ ಮೇಲೆ ಒಂದು ಮುದಿ ಮಂಗ ಕೂತಿದೆ, ಅದರ ಕುತ್ತಿಗೇಲಿ ಏನೋ ಹೊಳೀತಾ ಇದೆ" ಎಂದು ಕತೆ ಮುಂದುವರಿಸಿದಳು. ಎರಡು ನಿಮಿಷದಲ್ಲಿ ಪುಟ್ಟಿ ಆ ಮಂಗನ ಜೊತೆ ಬಾಳೆಹಣ್ಣಿನ ಚೌಕಾಶಿಗೆ ಇಳಿದಿದ್ದಳು. ತಪ್ಪು ಮಾಡಿದವಳು ನಾನೊಬ್ಬಳೇ.

ರಾತ್ರಿ ಊಟವಾದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಎಲ್ಲ ವಿಚಾರಿಸಿದೆ. ಇವೆಲ್ಲ ಅವಳ ಸ್ವಂತ ಕಲ್ಪನೆಯಲ್ಲ. ಆ ಕಾರ್ಡಿಗೆ ಎಕ್ಸ್ ಕಾರ್ಡ್ ಎಂದು ಹೆಸರು. ಅಮೆರಿಕದ ಜಾನ್ ಸ್ಟಾವ್ರೋಪೌಲೋಸ್ ಎಂಬ ಆಟಗಾರರು ರೂಪಿಸಿದ್ದು. ಗೆರೆಯ ಜೊತೆಗೆ ಪರದೆಯೂ ಇದೆಯಂತೆ. ಗೆರೆ ಎಂದರೆ ಅದು ಕತೆಯಲ್ಲಿ ಬರುವುದೇ ಇಲ್ಲ. ಪರದೆ ಎಂದರೆ ಬರಬಹುದು, ಆದರೆ ತೆರೆಯ ಹಿಂದೆ. 'ಯುದ್ಧ ಮುಗಿಯಿತು' ಎಂದರೆ ಸಾಕು, ಗಾಯದ ವರ್ಣನೆ ಬೇಡ. ಈ ಎರಡು ಮಾತುಗಳನ್ನು ಕೊಟ್ಟವರು ರಾನ್ ಎಡ್ವರ್ಡ್ಸ್ ಎಂಬ ಆಟದ ರಚನಕಾರರು. 2019ರಲ್ಲಿ ಶಾನ್ ರೆನಾಲ್ಡ್ಸ್ ಮತ್ತು ಶಾನಾ ಜರ್ಮೇನ್ ಇದೇ ವಿಷಯಕ್ಕೆ ಒಂದು ಕಿರುಪುಸ್ತಕ ಬರೆದರು. ಅದನ್ನು ಉಚಿತವಾಗಿಯೇ ಹಂಚಲಾಯಿತು. ಅದರಲ್ಲೊಂದು ಪಟ್ಟಿ ಇದೆ, ಪ್ರತಿ ವಿಷಯದ ಮುಂದೆ ಹಸಿರು, ಹಳದಿ, ಕೆಂಪು. ಸಿಗ್ನಲ್ ದೀಪದ ಹಾಗೆ. ಆಟಕ್ಕೆ ಮೊದಲೇ ಗುರುತು ಹಾಕಿ ಕತೆ ನಡೆಸುವವರಿಗೆ ಕೊಡುವುದು. ಯಾರು ಬೇಕಾದರೂ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಯಾರೂ ಬೇಸರಿಸುವಂತಿಲ್ಲ ಎಂಬ ನಿಯಮವೂ ಇದೆ. ಅದಕ್ಕೆ 'ತೆರೆದ ಬಾಗಿಲು' ಎನ್ನುತ್ತಾರಂತೆ.

ಪಕ್ಕದಲ್ಲಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಯಜಮಾನರು ಸುಮ್ಮನಿರಲಿಲ್ಲ. "ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಮಕ್ಕಳು ಗಟ್ಟಿ ಆಗೋದು ಹೇಗೆ? ರಾಕ್ಷಸನೇ ಇಲ್ಲದ ಕತೆ ಕತೆಯೇನು?"

ನನಗೂ ಅದೇ ಅನುಮಾನವಿತ್ತು. ಹುಡುಗಿ ಹೇಳಿದಳು: "ತಾತ, ರಾಕ್ಷಸ ಬೇಡ ಅಂತ ಯಾರೂ ಹೇಳಿಲ್ವಲ್ಲ. ಇವತ್ತು ಗುಹೆಯೊಳಗೆ ಮೊದಲು ಕಾಲಿಟ್ಟಿದ್ದು ಯಾರು ಗೊತ್ತಾ? ಪುಟ್ಟಿ. ನಿಲ್ಲಿಸಬಹುದು ಅಂತ ಗೊತ್ತಿದ್ರೆ ಧೈರ್ಯವಾಗಿ ಹೋಗಬಹುದು. ಬ್ರೇಕ್ ಇಲ್ಲದ ಬಸ್ಸಲ್ಲಿ ನೀವು ಆಗುಂಬೆ ಘಾಟಿ ಇಳೀತೀರಾ?"

ತಾತ ಅಡಿಕೆ ಕತ್ತರಿಸುವುದರಲ್ಲಿ ಮಗ್ನರಾದರು. ಹೇಳಿಬಿಡುತ್ತೇನೆ, ಆಮೇಲಿನ ಮೂರು ಸಂಜೆ ಯಾರೂ ಆ ಕಾರ್ಡನ್ನು ಮುಟ್ಟಲೇ ಇಲ್ಲ. ಆದರೆ ದಿನವೂ ಅದು ನಡುವೆ ಇರುತ್ತಿತ್ತು.

ಮಲಗಿದರೂ ನಿದ್ದೆ ಬರಲಿಲ್ಲ. ನಮ್ಮ ಅಜ್ಜಿಯ ಕತೆಗಳು ನೆನಪಾದವು. ಕೇಳುವವರು ಹೂಂಗುಟ್ಟಲೇಬೇಕು. ಒಂದು ಸಾಲಿಗೆ ಒಂದು 'ಹೂಂ'. ಹೂಂ ನಿಂತರೆ ಅಜ್ಜಿಯ ಕತೆಯೂ ನಿಲ್ಲುತ್ತಿತ್ತು. ನಿದ್ದೆ ಬಂದಿದೆಯೋ ಇಲ್ಲವೋ ನೋಡಲು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಅದು ಅಪ್ಪಣೆಯೂ ಆಗಿತ್ತೇನೋ. ಮುಂದೆ ಹೋಗಲೇ ಎಂದು ಕೇಳುವುದು, ಹೋಗು ಎನ್ನಿಸಿಕೊಳ್ಳುವುದು. 'ಮೌನವೇ ಸಮ್ಮತಿ' ಎಂದು ನಾವೆಲ್ಲ ಕಲಿತಿದ್ದೇವೆ. ಹೆದರಿದ ಮಗುವೂ ಮೌನವಾಗಿಯೇ ಇರುತ್ತದೆ, ಅದನ್ನು ಮಾತ್ರ ಯಾರೂ ಕಲಿಸಲಿಲ್ಲ.

ನನಗೆ ಹನ್ನೆರಡು, ತಮ್ಮನಿಗೆ ಏಳು. ಆ ಬೇಸಿಗೆ ರಜೆಯಲ್ಲಿ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಕತೆ ಹೇಳುವುದರಲ್ಲಿ ನಾನು ನಿಸ್ಸೀಮಳು. ಹಿತ್ತಿಲ ಬಾವಿಯ ದೆವ್ವದ ಕತೆ ಕಟ್ಟಿದೆ. ದೆವ್ವ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿತ್ತು. ತಮ್ಮ ಕಿವಿ ಮುಚ್ಚಿಕೊಂಡು, "ಬೇಡ ಅಕ್ಕ" ಎಂದ. ಇನ್ನೊಂದು ಮೆಟ್ಟಿಲು ಹತ್ತಿಸಿದೆ. "ಅಕ್ಕ, ಬೇಡ" ಎಂದ. "ಹೆದರುಪುಕ್ಕಲ!" ಎಂದು ನೆಂಟರ ಮಕ್ಕಳೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವನು ಚಾಪೆ ಬಿಟ್ಟೆದ್ದು ಒಳಗೆ ಹೋಗಿ ಅಜ್ಜಿಯ ಮಗ್ಗುಲಲ್ಲಿ ಮಲಗಿದ. ಆಮೇಲೆ ಯಾವ ರಾತ್ರಿಯೂ ನನ್ನ ಕತೆಗೆ ಬರಲಿಲ್ಲ. ಚಿಕ್ಕವರನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವಲ್ಲ, ಅವನ 'ಬೇಡ'ವನ್ನೂ ಹಾಗೆಯೇ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಮಕ್ಕಳೇ, ನಿಮಗೊಂದು ಮಾತು. ಆಟದಲ್ಲಿ ಉಸಿರು ಕಟ್ಟಿದಾಗ 'ಟೈಂ ಪ್ಲೀಸ್' ಎನ್ನುತ್ತೀರಲ್ಲ, ಮನಸ್ಸಿಗೂ ಅದು ಬೇಕಾಗುತ್ತದೆ. ಕೇಳಲು ನಾಚಬೇಡಿ. ಬೇರೆಯವರು ಕೇಳಿದರೆ ನಗಬೇಡಿ. ನಿನ್ನೆ 'ಹೂಂ' ಎಂದವರು ಇವತ್ತು 'ಬೇಡ' ಎನ್ನಬಹುದು, ಅದೂ ಸರಿಯೇ. ಅಜ್ಜ-ಅಜ್ಜಿಯರೇ, ಕತೆ ಹೇಳುವಾಗ, ಕಚಗುಳಿ ಇಡುವಾಗ, ಕೆನ್ನೆ ಹಿಂಡುವಾಗ ನಾವೂ ಒಂದು 'ಹೂಂ'ಗೆ ಕಾಯೋಣ. ತಪ್ಪಾದರೆ 'ಹೋಗಲಿ ಬಿಡು' ಎಂದು ತೇಲಿಸದೆ 'ತಪ್ಪಾಯಿತು ಮರಿ' ಎಂದರೆ ನಮ್ಮ ಹಿರಿತನಕ್ಕೇನೂ ಕುಂದಿಲ್ಲ. ನಾನು ಮರುದಿನ ಪುಟ್ಟಿಗೆ ಹಾಗೆಯೇ ಹೇಳಿದೆ. ಅವಳು, "ಪರ್ವಾಗಿಲ್ಲ ಅಜ್ಜಿ, ನೀವು ಹೊಸಬರಲ್ವಾ" ಎಂದಳು!

ಅದೇ ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಅವನಿಗೀಗ ಅರವತ್ತೆರಡು, ನಿವೃತ್ತ ಮೇಷ್ಟ್ರು. ಅಡಿಕೆ ಧಾರಣೆ, ಮಂಡಿನೋವು ಎಲ್ಲ ಮುಗಿದ ಮೇಲೆ, "ಬಾವಿ ದೆವ್ವದ ಕತೆ ನೆನಪಿದ್ಯೇನೋ?" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. "ಇದೆ" ಎಂದ.

"ಅವತ್ತು ನೀನು ಬೇಡ ಅಂದಾಗ ನಾನು ನಿಲ್ಲಿಸಬೇಕಿತ್ತು ಕಣೋ. ತಪ್ಪಾಯ್ತು."

ಅವನು ನಕ್ಕ. "ಐವತ್ತೈದು ವರ್ಷ ತಗೊಂಡೆ ನೋಡು ಅಕ್ಕ, ಅಷ್ಟು ಹೇಳೋಕೆ! ಆ ಕತೆಯ ಕೊನೆ ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ಹೇಳಲಾ?"

"ಬೇಡ" ಎಂದ.

ಯಾಕೆ ಎಂದು ನಾನು ಕೇಳಲಿಲ್ಲ.