ಮಗುವಿನ ತಟ್ಟೆಯೂ ತಾಯಿಯ ಮೇಲಿನ ಆರೋಪವೂ

2021ರ ಡಿಸೆಂಬರ್‌ನಲ್ಲಿ ಕಲಬುರಗಿ ಸೇರಿದಂತೆ ಏಳು ಜಿಲ್ಲೆಗಳ ಶಾಲಾ ಬಿಸಿಯೂಟದಲ್ಲಿ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲಾರಂಭಿಸಿದಾಗ ರಾಜ್ಯದಲ್ಲಿ ದೊಡ್ಡ ವಿವಾದವೇ ಎದ್ದಿತು. ಮಕ್ಕಳ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಧರ್ಮದ ಅಳತೆಗೋಲಿನಿಂದ ನಿರ್ಧರಿಸಲು ಹೊರಟವರಿಗೆ ಕೊರತೆಯಿರಲಿಲ್ಲ. ಕೊನೆಗೆ ಪೌಷ್ಟಿಕತೆಯ ವಾದವೇ ಗೆದ್ದಿತು. ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿ, 2024ರಲ್ಲಿ ಅಝೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ಏರಿತು. ಇದು ಸ್ವಾಗತಾರ್ಹ. ಆದರೆ ಮೊಟ್ಟೆಯ ವಾಸನೆಗೇ ಓಕರಿಸುವ, ಊಟದ ಸಾಲಿನ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಹಸಿದೇ ಮನೆಗೆ ಮರಳುವ ಮಗುವಿನ ಬಗ್ಗೆ ನಾವು ಇನ್ನೂ ಚರ್ಚೆಯನ್ನೇ ಆರಂಭಿಸಿಲ್ಲ.

ಆಟಿಸಂ, ಎಡಿಎಚ್‌ಡಿ ಮುಂತಾದ ಹೆಸರುಗಳಿಂದ ಗುರುತಿಸಲ್ಪಡುವ ಈ ಮಕ್ಕಳ ಮೆದುಳು ಜಗತ್ತನ್ನು ಬೇರೆ ರೀತಿಯಲ್ಲಿ ಗ್ರಹಿಸುತ್ತದೆ. ಅವರಲ್ಲಿ ಅನೇಕರಿಗೆ ಆಹಾರದ ಬಣ್ಣ, ವಾಸನೆ, ಸ್ಪರ್ಶಗಳೇ ಸಹಿಸಲಾಗದ ಹೊರೆಯಾಗುತ್ತವೆ. ಆದ್ದರಿಂದ ಅವರು ನಾಲ್ಕಾರು ಪದಾರ್ಥಗಳಿಗೇ ಅಂಟಿಕೊಳ್ಳುತ್ತಾರೆ. ಮಲಬದ್ಧತೆ, ಹೊಟ್ಟೆನೋವುಗಳೂ ಅವರಲ್ಲಿ ಹೆಚ್ಚು. ಆದರೆ ನಮ್ಮ ಮನೆಗಳಲ್ಲಿ ಇದಕ್ಕೆ ಸಿಗುವ ವಿವರಣೆ ಯಾವುದು? 'ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ.' ಅತ್ತೆ, ನಾದಿನಿ, ನೆರೆಯವರು ಎಲ್ಲರೂ ನ್ಯಾಯಾಧೀಶರಾಗುತ್ತಾರೆ. ಆರೋಪಿ ಸ್ಥಾನದಲ್ಲಿ ತಾಯಿಯೊಬ್ಬಳೇ ನಿಲ್ಲುತ್ತಾಳೆ.

ಹೊಟ್ಟೆ ಮತ್ತು ಮೆದುಳಿನ ನಡುವೆ ಸಂಬಂಧವಿರುವುದು ನಿಜ. ಕರುಳಿಗೆ ತನ್ನದೇ ಆದ ನರಜಾಲವಿದೆ. ವೇಗಸ್ ಎಂಬ ನರದ ಮೂಲಕ ಅದು ಮೆದುಳಿನೊಂದಿಗೆ ಸಂಪರ್ಕದಲ್ಲಿರುತ್ತದೆ. ನಾಲ್ಕು ದಿನ ಮಲ ಕಟ್ಟಿದ ಮಗು ನಿದ್ರಿಸದು, ಸಿಡುಕುತ್ತದೆ, ಪಾಠದ ಕಡೆ ಗಮನ ಕೊಡದು. ನೋವನ್ನು ಹೇಳಲು ಮಾತಿಲ್ಲದ ಮಗು ಅದನ್ನು ಹಠದ ಮೂಲಕ ಹೇಳುತ್ತದೆ. ಆದರೆ ಹೊಟ್ಟೆ ಸರಿಯಾದರೆ ಆಟಿಸಂ ಮಾಯವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು 247 ಮಕ್ಕಳನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ವರದಿ, ಕರುಳಿನ ಸೂಕ್ಷ್ಮಾಣುಗಳ ವ್ಯತ್ಯಾಸವೇ ಆಟಿಸಂಗೆ ಕಾರಣವೆಂಬ ವಾದವನ್ನು ಪ್ರಶ್ನಿಸಿತು. ಆಯ್ದ ಆಹಾರವನ್ನಷ್ಟೇ ತಿನ್ನುವುದರಿಂದ ಆ ವ್ಯತ್ಯಾಸ ಉಂಟಾಗುತ್ತಿರಬಹುದು ಎಂಬುದು ಅದರ ನಿಲುವು.

ಈ ಸತ್ಯ ತಿಳಿಯದಿರುವುದರಿಂದ ಲಾಭ ಯಾರಿಗೆ? ಔಷಧದ ಹೆಸರಿನಲ್ಲಿ ವ್ಯಾಪಾರ ನಡೆಸುವವರಿಗೆ. ಒಬ್ಬರು ಗೋಧಿ, ಹಾಲು ಎರಡನ್ನೂ ನಿಲ್ಲಿಸಿ ದುಬಾರಿ ಪೊಟ್ಟಣ ಕೊಳ್ಳಿರೆನ್ನುತ್ತಾರೆ. ಇನ್ನೊಬ್ಬರು ಕಲೋಂಜಿ ಎಣ್ಣೆಗೆ ಪ್ರವಾದಿ(ಸ)ಯವರ ಹೆಸರು ಅಂಟಿಸಿ ಆಟಿಸಂ ಗುಣವಾಗುತ್ತದೆಂದು ಮಾರುತ್ತಾರೆ. ಮತ್ತೊಬ್ಬರು ಜಿನ್ನ್ ಬಾಧೆಯೆಂದು ತಾಯಿತ ಕಟ್ಟುತ್ತಾರೆ. ಗೋಧಿ ಮತ್ತು ಹಾಲನ್ನು ಬಿಡುವುದರಿಂದ ಆಟಿಸಂನಲ್ಲಿ ಪ್ರಯೋಜನವಿದೆ ಎಂದು ಹೇಳಲು ಸಾಕಷ್ಟು ಪುರಾವೆಯಿಲ್ಲ. ಐದೇ ಪದಾರ್ಥ ತಿನ್ನುವ ಮಗುವಿನಿಂದ ಎರಡನ್ನು ಕಸಿದುಕೊಂಡರೆ ಉಳಿಯುವುದಾದರೂ ಏನು? ಅಷ್ಟಕ್ಕೂ ಪೊಟ್ಟಣದ ಮೇಲೆ 'ಗ್ಲುಟನ್ ರಹಿತ' ಎಂದು ಬರೆದು ಮಾರುವ ಗುಣ ನಮ್ಮ ಜೋಳದ ರೊಟ್ಟಿಗೆ ಹುಟ್ಟಿನಿಂದಲೇ ಇದೆ.

ನಿಜವಾಗಿ ಈ ಮಣ್ಣು ನಮಗೆ ಕೊಟ್ಟಿರುವುದು ಅಲ್ಪವಲ್ಲ. ಜೋಳದಲ್ಲಿ ನಾರಿದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿಯ ತೊಗರಿಬೇಳೆಯಲ್ಲಿ ಪ್ರೋಟೀನ್ ಇದೆ. ಕಮಲಾಪುರದ ಕೆಂಪು ಬಾಳೆ ಸಿಪ್ಪೆ ಸುಲಿದರೆ ಸಾಕು, ಮೆತ್ತಗೆ ಮಗುವಿನ ಕೈಗೆ ಬರುತ್ತದೆ. ಮೊಸರು, ಮಜ್ಜಿಗೆ, ಅಂಬಲಿ, ಶೇಂಗಾ ಹಿಂಡಿಗಳು ಬಡವರ ಮನೆಯಲ್ಲೂ ಇವೆ. ಆದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಖಾರಿ ಮತ್ತು ಅಂಗಡಿಯ ಕುರುಕಲುಗಳು ಇವುಗಳ ಸ್ಥಾನವನ್ನು ಆಕ್ರಮಿಸಿವೆ. ಊಟದ ಜೊತೆಗಿನ ಚಹಾ ಕಬ್ಬಿಣಾಂಶವನ್ನು ಹೀರಿಕೊಳ್ಳಲು ತಡೆಯೊಡ್ಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಲ್ಲಿ ಚಹಾ ಸಣ್ಣ ವಿಷಯವಲ್ಲ.

ಬದಲಾವಣೆ ಬಲವಂತದಿಂದ ಬರದು. ಮಗು ಒಪ್ಪಿರುವ ಆಹಾರವನ್ನು ಕಿತ್ತುಕೊಳ್ಳದೆ, ಅದರ ಪಕ್ಕದಲ್ಲಿ ಹೊಸದೊಂದು ಚೂರನ್ನು ಇಡಬೇಕು. ಇಂದು ನೋಡಲಿ, ನಾಳೆ ಮುಟ್ಟಲಿ, ಇನ್ನೊಂದು ದಿನ ಮೂಸಲಿ. ಹತ್ತು ಹದಿನೈದು ಸಲ ಇಟ್ಟ ಬಳಿಕ ಒಂದು ತುತ್ತು ಒಳಗೆ ಹೋದರೂ ಅದು ಗೆಲುವೇ. ಅನ್ನ ಮಾತ್ರ ತಿನ್ನುವ ಮಗುವಿಗೆ ಚಮಚ ಬೇಳೆ ಬೆರೆಸಿದ ಮೆತ್ತನೆಯ ಖಿಚಡಿಯಿಂದ ಆರಂಭಿಸಬಹುದು. ಕಲಬುರಗಿಯ ಬೇಸಿಗೆಯಲ್ಲಿ ನೀರಿನ ಕಡೆ ವಿಶೇಷ ಗಮನವಿರಲಿ. ಈ ಮಕ್ಕಳಲ್ಲಿ ಕೆಲವರು ತಮ್ಮ ಬಾಯಾರಿಕೆಯನ್ನೇ ಗುರುತಿಸಲಾರರು.

ಇದಕ್ಕೆ ನಮ್ಮಲ್ಲಿ ಮಾದರಿಯಿಲ್ಲವೇ? ಉಡದಂತಹ ಮರುಭೂಮಿಯ ಪ್ರಾಣಿಯೊಂದರ ಮಾಂಸವನ್ನು ಮುಂದಿಟ್ಟಾಗ ಪ್ರವಾದಿ(ಸ)ಯವರು ತಮ್ಮ ನಾಡಿನಲ್ಲಿ ಅದರ ರೂಢಿಯಿಲ್ಲವೆಂದೂ ಮನಸ್ಸು ಒಪ್ಪುತ್ತಿಲ್ಲವೆಂದೂ ತಿಳಿಸಿ ಕೈ ಹಿಂತೆಗೆದರು. ಅದೇ ದಸ್ತರ್ಖಾನ್‌ನಲ್ಲಿ ಹಝ್ರತ್ ಖಾಲಿದ್ ಬಿನ್ ವಲೀದ್(ರ) ಅದನ್ನು ತಿಂದರು. ಪ್ರವಾದಿ(ಸ)ಯವರು ಅದನ್ನು ನಿಷಿದ್ಧವೆನ್ನಲೂ ಇಲ್ಲ, ಅವರನ್ನು ಯಾರೂ ಒತ್ತಾಯಿಸಲೂ ಇಲ್ಲ. ಓರ್ವನ ಮನಸ್ಸು ಒಪ್ಪದ ಆಹಾರವನ್ನು ಗೌರವದಿಂದ ಬಿಟ್ಟುಬಿಡಬಹುದೆಂಬ ಈ ಪಾಠವನ್ನು ನಾವು ಮಗುವಿನ ಮಟ್ಟಿಗೆ ಏಕೆ ಮರೆಯುತ್ತೇವೆ? ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಕಲಿಸಿದವರೂ ಅವರೇ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಣ್ಣು ಸುಣ್ಣ ತಿನ್ನುತ್ತಿದ್ದರೆ ಅಡುಗೆಮನೆಯ ಉಪಾಯ ಸಾಲದು. ಮಕ್ಕಳ ವೈದ್ಯರನ್ನೇ ಕಾಣಬೇಕು.

ಇಷ್ಟರಿಂದ ಸರಕಾರದ ಹೊಣೆ ಮುಗಿಯುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಮತ್ತು ಕಲಿಕಾ ನ್ಯೂನತೆಗಳನ್ನು ಪಟ್ಟಿಗೆ ಸೇರಿಸಿದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಆಟಿಸಂ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗಿನ ರಕ್ಷಣೆ ಕೊಡುತ್ತದೆ. ಈ ಹೆಸರುಗಳನ್ನು ಕೇಳಿರುವ ಕುಟುಂಬಗಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿವೆ? ಕಮಲಾಪುರದ ಕೂಲಿಕಾರ ತಾಯಿ ತಜ್ಞರನ್ನು ಕಾಣಲು ಒಂದು ದಿನದ ಕೂಲಿ ಬಿಟ್ಟು ಕಲಬುರಗಿಯ ಬಸ್ಸು ಹತ್ತಬೇಕೇ? ತಿಂಗಳಿಗೊಮ್ಮೆಯಾದರೂ ಮಕ್ಕಳ ತಜ್ಞರು, ಆಹಾರ ತಜ್ಞರು ತಾಲೂಕಿಗೆ ಬರಲಿ. ಶಾಲೆಗಳಲ್ಲಿ ಇಂತಹ ಮಗುವಿಗೆ ಗದ್ದಲವಿಲ್ಲದ ಒಂದು ಮೂಲೆಯನ್ನೂ, ಮೊಟ್ಟೆ ಬೇಡವೆಂದರೆ ಪ್ರಶ್ನಿಸದೆ ಬಾಳೆಹಣ್ಣನ್ನೂ ಕೊಡಲಿ. ಇದಕ್ಕೆ ಹೊಸ ಬಜೆಟ್ ಬೇಕಿಲ್ಲ.

ಇನ್ನು ನಮ್ಮ ಜಮಾಅತ್‌ಗಳು. ವಿಮೆಯ ಅರ್ಜಿ, ಗುರುತಿನ ಚೀಟಿಗಳಿಗೆ ನೆರವಾಗುವ ಇಬ್ಬರು ಯುವಕರನ್ನು ಪ್ರತಿ ಮಸೀದಿಯೂ ನೇಮಿಸಬಹುದು. ವರ್ಷಕ್ಕೊಂದು ಜುಮಾ ಖುತ್ಬಾವನ್ನು ಈ ಮಕ್ಕಳಿಗಾಗಿ ಮೀಸಲಿಡಬಹುದು. ಎಲ್ಲಕ್ಕಿಂತ ಮೊದಲು, ದಾವತ್‌ಗಳಲ್ಲಿ ಬಿರಿಯಾನಿ ಮುಟ್ಟದೆ ಬರೀ ಮೊಸರನ್ನ ತಿನ್ನುವ ಮಗುವನ್ನು ಕಂಡು ತಾಯಿಗೆ ಉಪದೇಶ ಮಾಡುವುದನ್ನು ನಿಲ್ಲಿಸಬಹುದು. ಆ ತಾಯಿಗೆ ಬೇಕಾಗಿರುವುದು ಇನ್ನೊಂದು ತೀರ್ಪಲ್ಲ, ಇನ್ನೊಂದು ಜೊತೆ ಕೈಗಳು.